ಅರಮನೆ ಮಕ್ಕಳಿಗೆ ಹಣೆಪಟ್ಟಿ ಕಟ್ಟೋರು ಯಾರು?

2022ರ ಜೂನ್‌ನಲ್ಲಿ ಎರಡನೇ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದು 70 ವರ್ಷ ಆದ ಸಂಭ್ರಮ ಲಂಡನ್‌ನಲ್ಲಿ ನಡೀತು. ಬಕಿಂಗ್‌ಹ್ಯಾಮ್ ಅರಮನೆ ಬಾಲ್ಕನಿಲಿ ಮುತ್ತಜ್ಜಿ ಪಕ್ಕ ನಿಂತಿದ್ದ, ವಿಲಿಯಂ-ಕೇಟ್ ದಂಪತಿಯ ನಾಲ್ಕು ವರ್ಷದ ಮಗ ಪ್ರಿನ್ಸ್ ಲೂಯಿ, ತಲೆ ಮೇಲೆ ವಿಮಾನಗಳು ಹಾರಿದಾಗ ಎರಡೂ ಕಿವಿ ಮುಚ್ಕೊಂಡು ಬಾಯಿ ಅಗಲಿಸಿದ. ಅದಾಗಿ ಮೂರು ದಿನಕ್ಕೆ ಮೆರವಣಿಗೆ ನೋಡ್ತಾ ಕೂತಿದ್ದಾಗ ಅಮ್ಮನ ಬಾಯಿಗೆ ಕೈ ಅಡ್ಡ ಇಟ್ಟ, ಮೂಗಿಗೆ ಹೆಬ್ಬೆರಳು ಹಚ್ಚಿ ಅಣಕಿಸಿದ. ನಡೆದಿದ್ದು ಇಷ್ಟೇ. ಆದ್ರೆ ಮಾರನೇ ದಿನದ ಹೊತ್ತಿಗೆ ಆ ಮಗು ಜಗತ್ತಿನ ಪಾಲಿಗೆ ‘ತುಂಟ ರಾಜಕುಮಾರ’ ಆಗಿಹೋಗಿದ್ದ, ಬಾಡಿ ಲಾಂಗ್ವೇಜ್ ಎಕ್ಸ್‌ಪರ್ಟ್ ಅನ್ನಿಸ್ಕೊಂಡೋರು ಟ್ಯಾಬ್ಲಾಯ್ಡ್‌ಗಳಲ್ಲಿ ಅವನ ಒಂದೊಂದು ಮುಖಭಾವಕ್ಕೂ ಅರ್ಥ ಹೇಳೋಕೆ ಶುರು ಮಾಡಿದ್ರು, ಅದೇ ಕ್ಲಿಪ್ ಕನ್ನಡ ಚಾನೆಲ್‌ಗಳಿಗೆ ಬಂತು, ಅಲ್ಲಿಂದ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಫ್ಯಾಮಿಲಿ ವಾಟ್ಸಾಪ್ ಗ್ರೂಪ್‌ಗಳಿಗೂ ಬಂತು. ಅರ್ಧ ಜನ ‘ಎಷ್ಟು ಮುದ್ದಾಗಿದೆ ಮಗು’ ಅಂದ್ರು, ಇನ್ನರ್ಧ ಜನ ‘ತಾಯಿ ಶಿಸ್ತು ಕಲಿಸಿಲ್ಲ’ ಅಂದ್ರು. ಎರಡೂ ಕಡೆಯೋರು ಆ ಮಗೂನ ನೋಡಿದ್ದು ಕೆಲವೇ ಸೆಕೆಂಡು.

ನಮ್ಮ ಕಡೆ ಬಯಲಾಟಕ್ಕೆ ನಾಲ್ಕು ವರ್ಷದ ಮಗೂನ ಕರ್ಕೊಂಡು ಹೋಗಿ ಚೆಂಡೆ ಪಕ್ಕ ಕೂರಿಸಿದ್ರೆ ಅದೂ ಕಿವಿ ಮುಚ್ಕೊಳ್ಳತ್ತೆ, ಸ್ವಲ್ಪ ಹೊತ್ತಿಗೆ ಬೇಜಾರಾಗಿ ಅಮ್ಮನ ಸೆರಗು ಎಳೀತಾ ಹಟ ಮಾಡತ್ತೆ. ಅದನ್ನ ಯಾರೂ ಸ್ವಭಾವ ಅಂತ ಬರೆದಿಡಲ್ಲ, ಮಾರನೇ ದಿನ ಬೆಳಿಗ್ಗೆ ಎಲ್ಲರಿಗೂ ಮರೆತುಹೋಗಿರತ್ತೆ. ಮಗುವಿಗೆ ಅದು ಎಷ್ಟು ದೊಡ್ಡ ಉಪಕಾರ ಅನ್ನೋದು ನನಗೆ ಅರ್ಥ ಆಗಿದ್ದೇ ಈ ಅರಮನೆ ಮಕ್ಕಳ ಸುದ್ದಿಗಳನ್ನ ಸ್ವಲ್ಪ ಗಮನ ಇಟ್ಟು ನೋಡೋಕೆ ಶುರು ಮಾಡಿದ ಮೇಲೆ.

ಈಗ ಇದು ಹೇಗೆ ಕೆಲಸ ಮಾಡತ್ತೆ ಅಂತ ನೋಡೋಣ. ಅರಮನೆ ಮಕ್ಕಳ ಬಗ್ಗೆ ಹೊರಗೆ ಸಿಗೋ ಸಾಮಗ್ರಿ ತುಂಬಾ ಕಮ್ಮಿ. ವರ್ಷಕ್ಕೆ ಒಂದು ಹುಟ್ಟುಹಬ್ಬದ ಫೋಟೋ, ಒಂದೆರಡು ಬಾಲ್ಕನಿ, ಕ್ರಿಸ್‌ಮಸ್ ದಿನ ಚರ್ಚಿಗೆ ನಡ್ಕೊಂಡು ಹೋಗೋದು, ಸ್ಕೂಲಿನ ಮೊದಲ ದಿನ, ಹೆಚ್ಚುಕಮ್ಮಿ ಅಷ್ಟೇ. ಆದ್ರೆ ಬೇಡಿಕೆ ಮಾತ್ರ ದಿನಾ ಇರತ್ತೆ, ಯಾಕಂದ್ರೆ ಜನ ಕ್ಲಿಕ್ ಮಾಡ್ತಾರೆ. ಸಿಕ್ಕಿದ್ದು ಚಿಟಿಕೆಯಷ್ಟು, ತುಂಬಿಸಬೇಕಾಗಿದ್ದು ಚೀಲದಷ್ಟು ಅಂದಾಗ ನಡುವಿನ ಜಾಗಕ್ಕೆ ಕಥೆ ಬರತ್ತೆ, ಕಥೆ ಅಂದ ಮೇಲೆ ಪಾತ್ರ ಬೇಕು. ಹಾಗಾಗಿ ಲೂಯಿಯ ಅಣ್ಣ, 2013ರಲ್ಲಿ ಹುಟ್ಟಿದ ಜಾರ್ಜ್‌ಗೆ ಗಂಭೀರ ಹುಡುಗ, ಮುಂದೊಂದು ದಿನ ರಾಜ ಆಗೋನು ಅನ್ನೋ ಪಾತ್ರ, ಅಕ್ಕ, 2015ರಲ್ಲಿ ಹುಟ್ಟಿದ ಶಾರ್ಲೆಟ್‌ಗೆ ತಮ್ಮನ್ನ ತಿದ್ದೋ ದೊಡ್ಡಕ್ಕನ ಪಾತ್ರ, 2018ರ ಲೂಯಿಗೆ ನಗಿಸೋ ಪಾತ್ರ. ಒಂದ್ಸಲ ಪಾತ್ರ ಹಂಚಿಕೆ ಆದ ಮೇಲೆ ಆಮೇಲಿನ ಫೋಟೋಗಳನ್ನ ಆರಿಸೋದೇ ಆ ಪಾತ್ರಕ್ಕೆ ಹೊಂದೋ ಹಾಗೆ. ಲೂಯಿ ಎರಡು ಗಂಟೆ ಸುಮ್ಮನೆ ಕೂತು ಒಂದು ಸಲ ನಾಲಿಗೆ ಚಾಚಿದ ಅಂತಿಟ್ಕೊಳ್ಳಿ, ಪ್ರಿಂಟ್ ಆಗೋದು ನಾಲಿಗೆ ಮಾತ್ರ. ಜಾರ್ಜ್ ಹತ್ತು ಸಲ ನಕ್ಕು ಒಂದ್ಸಲ ಮುಖ ಗಂಟು ಹಾಕಿದ್ರೆ ಪ್ರಿಂಟ್ ಆಗೋದು ಆ ಗಂಟು. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಪ್ರತಿ ಫೋಟೋನೂ ನಿಜವೇ, ಆದ್ರೆ ಒಟ್ಟು ಸೇರಿಸಿ ನೋಡಿದಾಗ ಸಿಗೋ ಹುಡುಗ ನಿಜ ಅಲ್ಲ. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇದು.

ಬಟ್ಟೆ ಕಥೆ ಗೊತ್ತಿರಬಹುದು. 2016ರ ಏಪ್ರಿಲ್‌ನಲ್ಲಿ ಒಬಾಮಾ ದಂಪತಿ ಕೆನ್ಸಿಂಗ್ಟನ್ ಅರಮನೆಗೆ ಬಂದಾಗ ಎರಡೂವರೆ ವರ್ಷದ ಜಾರ್ಜ್ ಮಲಗೋ ಹೊತ್ತಿನ ಬಿಳಿ ನಿಲುವಂಗಿಲಿ ಕೈ ಕುಲುಕಿದ ಫೋಟೋ ಬಂತು, ಆ ನಿಲುವಂಗಿ ಅಂಗಡಿಗಳಲ್ಲಿ ಸ್ಟಾಕ್ ಖಾಲಿ ಆಗಿಹೋಯ್ತು. ಮಗು ಏನೂ ಮಾಡದೇನೇ ಜಾಹೀರಾತು ಆಯ್ತು. ಇದು ಸಣ್ಣದು, ಬಿಡಿ.

ನನಗೆ ಹೆಚ್ಚು ನೋವಾಗಿದ್ದು 2019ರ ಆಗಸ್ಟ್‌ನಲ್ಲಿ ನಡೆದಿದ್ದು. ಅಮೆರಿಕದ ಎಬಿಸಿ ಚಾನೆಲ್‌ನ ‘ಗುಡ್ ಮಾರ್ನಿಂಗ್ ಅಮೆರಿಕ’ ಕಾರ್ಯಕ್ರಮದಲ್ಲಿ ಲಾರಾ ಸ್ಪೆನ್ಸರ್ ಅನ್ನೋ ನಿರೂಪಕಿ ಜಾರ್ಜ್ ಸ್ಕೂಲಿನಲ್ಲಿ ಏನೇನು ಕಲೀತಾನೆ ಅಂತ ಪಟ್ಟಿ ಓದ್ತಾ ಬ್ಯಾಲೆ ಅಂತ ಬಂದ ಕೂಡ್ಲೇ ನಕ್ಕುಬಿಟ್ರು, ಸ್ಟುಡಿಯೋದಲ್ಲಿ ಇದ್ದೋರೂ ನಕ್ಕರು. ಆರು ವರ್ಷದ ಹುಡುಗ, ಡಾನ್ಸ್ ಕಲೀತಾನೆ, ಅದಕ್ಕೆ ಅವನಿಗೆ ಖುಷಿ ಅಂತ ಅವರಪ್ಪ ಹೇಳಿದ್ದಾರೆ ಅನ್ನೋದನ್ನೂ ನಗ್ತಾನೇ ಹೇಳಿದ್ರು. ಆಮೇಲೆ ನೂರಾರು ಡಾನ್ಸರ್‌ಗಳು ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲಿ ಆ ಸ್ಟುಡಿಯೋ ಎದುರಿಗೇ ಸೇರಿ ಬ್ಯಾಲೆ ಕ್ಲಾಸ್ ನಡೆಸಿದ್ರು, ನಿರೂಪಕಿ ಆನ್ ಏರ್ ಕ್ಷಮೆ ಕೇಳಿದ್ರು. ಇದು ದೂರದ ವಿಷಯ ಅಂತ ನನಗೆ ಅನ್ನಿಸಲೇ ಇಲ್ಲ. ಶಿವಮೊಗ್ಗದಲ್ಲಿ ಭರತನಾಟ್ಯ ಕ್ಲಾಸಿಗೆ ಹೋಗೋ ಗಂಡು ಹುಡುಗರಿಗೆ ಕ್ಲಾಸ್ ಮೇಟ್‌ಗಳು, ಮದುವೆ ಮನೆಲಿ ಸಿಗೋ ಮಾವಂದಿರು ಏನೇನು ಹೇಳ್ತಾರೆ ಅಂತ ಇಲ್ಲಿ ಬೆಳೆದ ಯಾರಿಗಾದ್ರೂ ಗೊತ್ತಿರತ್ತೆ. ಟಿವಿಲಿ ರಾಣಿಯ ಮರಿಮೊಮ್ಮಗನಿಗೇ ನಕ್ಕರೆ ಇಲ್ಲಿ ಗೆಜ್ಜೆ ಕಟ್ಟೋ ಹುಡುಗನ ಮೇಲೆ ನಗೋರಿಗೆ ಇನ್ನೊಂದು ಪರ್ಮಿಶನ್ ಸಿಕ್ಕ ಹಾಗಾಗತ್ತೆ. ಅರಮನೆ ಮಗುವಿನ ಇಮೇಜ್ ಆ ಮಗುವಿಗೆ ಮಾತ್ರ ಸೇರಿದ್ದಲ್ಲ, ಅದೇ ವಯಸ್ಸಿನ ಎಲ್ಲ ಮಕ್ಕಳಿಗೂ ಅದು ಒಂದು ಅಳತೆಗೋಲು ಆಗಿಬಿಡತ್ತೆ.

ಹಾಗಂತ ಬರೀ ಮಾಧ್ಯಮದ ಮೇಲೆ ಹೊರೆ ಹಾಕಿದ್ರೆ ಆಗಲ್ಲ, ಅರಮನೆಯೋರೂ ಇದರಲ್ಲಿ ಪಾಲುದಾರರೇ. 2015ರ ಆಗಸ್ಟ್‌ನಲ್ಲಿ ಕೆನ್ಸಿಂಗ್ಟನ್ ಅರಮನೆ ಒಂದು ಬಹಿರಂಗ ಪತ್ರ ಬರೀತು. ಒಬ್ಬ ಫೋಟೋಗ್ರಾಫರ್ ಬಾಡಿಗೆ ಕಾರಿಗೆ ಬೆಡ್‌ಶೀಟ್ ಕಟ್ಟಿ ಡಿಕ್ಕಿ ಒಳಗೆ ಅಡಗಿ, ತಿನ್ನೋಕೆ ಕುಡಿಯೋಕೆ ಎಲ್ಲ ಇಟ್ಕೊಂಡು, ಮಕ್ಕಳು ಆಡೋ ಜಾಗದ ಹತ್ತಿರ ಎರಡು ವರ್ಷದ ಜಾರ್ಜ್ ಫೋಟೋ ತೆಗೆಯೋಕೆ ಕಾದಿದ್ದ ಅಂತ ಅದರಲ್ಲಿ ಇತ್ತು. ಬ್ರಿಟಿಷ್ ಪತ್ರಿಕೆಗಳು ಅಂಥ ಫೋಟೋ ಕೊಳ್ಳಲ್ಲ, ಹೊರದೇಶದವರು ಕೊಳ್ತಾರೆ ಅಂತಾನೂ ಇತ್ತು. ಇದಕ್ಕೆ ಅವರು ಕಂಡ್ಕೊಂಡ ದಾರಿ ಏನಂದ್ರೆ ಕೇಟ್ ತಾನೇ ಕ್ಯಾಮೆರಾ ಹಿಡಿದು ಮಕ್ಕಳ ಫೋಟೋ ತೆಗೆದು ಬಿಡುಗಡೆ ಮಾಡೋದು. ಒಳ್ಳೆ ಉಪಾಯವೇ, ಅಮ್ಮ ತೆಗೆದ ಫೋಟೋದಲ್ಲಿ ಮಕ್ಕಳು ಮಕ್ಕಳ ಹಾಗೇ ಇರ್ತಾರೆ, ಕದ್ದು ತೆಗೆದ ಫೋಟೋಗೆ ಮಾರ್ಕೆಟ್ ಬೀಳತ್ತೆ. ಆದ್ರೆ ಅಲ್ಲಿಗೆ ಮಗು ಬಗ್ಗೆ ಜಗತ್ತಿಗೆ ಸಿಗೋದು ಎರಡೇ ಥರದ ಚಿತ್ರ, ಒಂದು ಅರಮನೆ ತಿದ್ದಿ ಕೊಟ್ಟಿದ್ದು, ಇನ್ನೊಂದು ಸಾರ್ವಜನಿಕ ಕಾರ್ಯಕ್ರಮದಲ್ಲಿ ಜಾರಿದ ಕ್ಷಣ.

ಆ ಎರಡರ ನಡುವಿನ ಬಿರುಕು ಎಲ್ಲರಿಗೂ ಕಂಡಿದ್ದು 2024ರ ಮಾರ್ಚ್ 10ರಂದು, ಬ್ರಿಟನ್ನಿನ ಅಮ್ಮಂದಿರ ದಿನ. ಜನವರಿಲಿ ಆಪರೇಷನ್ ಆದ ಮೇಲೆ ಕೇಟ್ ಸಾರ್ವಜನಿಕವಾಗಿ ಕಾಣಿಸ್ಕೊಂಡಿರಲಿಲ್ಲ, ಊಹಾಪೋಹ ಜೋರಾಗಿತ್ತು, ಆಗ ಮೂರು ಮಕ್ಕಳ ಜೊತೆ ಕೇಟ್ ಕೂತಿರೋ ಫೋಟೋ ಬಂತು, ವಿಲಿಯಂ ತೆಗೆದಿದ್ದು ಅಂತ. ಎಪಿ, ರಾಯಿಟರ್ಸ್, ಎಎಫ್‌ಪಿ, ಗೆಟ್ಟಿ ಎಲ್ಲ ಕೆಲವೇ ಗಂಟೆಲಿ ಆ ಫೋಟೋನ ವಾಪಸ್ ತಗೊಂಡ್ವು, ತಿದ್ದಿದ್ದಾರೆ ಅಂತ. ಎಲ್ಲರ ಕಣ್ಣು ಬಿದ್ದಿದ್ದು ಶಾರ್ಲೆಟ್‌ಳ ಕಾರ್ಡಿಗನ್ ತೋಳಿನ ತುದಿ ಮೇಲೆ, ಅಲ್ಲಿ ಬಟ್ಟೆಯ ಒಂದು ಚೂರು ಕೈ ಹತ್ತಿರ ಮಾಯ ಆಗಿತ್ತು. ಜನ ಆ ತೋಳನ್ನ ಜೂಮ್ ಮಾಡಿ ಕೆಂಪು ಗೆರೆ ಎಳೆದು ಗಂಟೆಗಟ್ಟಲೆ ಚರ್ಚೆ ಮಾಡಿದ್ರು. ಮಾರನೇ ದಿನ ಕೇಟ್ ತಾನೇ ಎಡಿಟ್ ಮಾಡಿದ್ದು ಅಂತ ಒಪ್ಕೊಂಡು ಕ್ಷಮೆ ಕೇಳಿದ್ರು, ಮಾರ್ಚ್ 22ಕ್ಕೆ ತನಗೆ ಕ್ಯಾನ್ಸರ್ ಪತ್ತೆಯಾಗಿದೆ ಅಂತ ವಿಡಿಯೋದಲ್ಲಿ ಹೇಳಿದ್ರು, ಮಕ್ಕಳಿಗೆ ಅರ್ಥ ಆಗೋ ಹಾಗೆ ಹೇಳೋಕೆ ಸಮಯ ಬೇಕಿತ್ತು ಅಂತಾನೂ ಹೇಳಿದ್ರು. ಒಂಬತ್ತು ವರ್ಷವೂ ತುಂಬದ ಹುಡುಗಿ, ಅಮ್ಮನಿಗೆ ಹುಷಾರಿಲ್ಲ, ಅವಳ ಸ್ವೆಟರ್ ತೋಳು ಇಡೀ ಜಗತ್ತಿನ ತನಿಖೆಗೆ ಸಾಕ್ಷಿ. ಫೋಟೋ ಏಜೆನ್ಸಿಗಳು ಮಾಡಿದ್ದು ಸರಿ, ಸುದ್ದಿ ಫೋಟೋ ತಿದ್ದಬಾರದು. ಆದ್ರೆ ಅರಮನೆ ಸಮಸ್ಯೆ ಮುಚ್ಚೋಕೆ ಮಕ್ಕಳನ್ನ ಮುಂದೆ ನಿಲ್ಲಿಸಿದ್ದು ತಪ್ಪು ಅಂತಾನೇ ನನ್ನ ಅಭಿಪ್ರಾಯ.

ಟಿವಿ, ಮೊಬೈಲ್ ಬರೋ ಮೊದಲು ಈ ಥರ ಇರಲಿಲ್ಲ ಅಂತ ಅಂದ್ಕೊಳ್ಳೋರು ಒಂದ್ಸಲ ನಮ್ಮ ಹೊಸನಗರ ತಾಲ್ಲೂಕಿನ ನಗರ ಕೋಟೆಗೆ ಹೋಗಿಬರಬೇಕು. ಬಿದನೂರು ಅಂತ ಕೆಳದಿ ಅರಸರ ರಾಜಧಾನಿ ಆಗಿದ್ದ ಊರು ಅದು. 1750ರ ದಶಕದಲ್ಲಿ ಬಸಪ್ಪ ನಾಯಕ ತೀರಿಕೊಂಡ ಮೇಲೆ ಅವನ ದತ್ತುಮಗ ಚೆನ್ನಬಸಪ್ಪ ನಾಯಕ ಪಟ್ಟಕ್ಕೆ ಬಂದ, ಇನ್ನೂ ಎಳೆ ಹುಡುಗ, ಹಾಗಾಗಿ ಆಡಳಿತ ಎಲ್ಲ ರಾಣಿ ವೀರಮ್ಮಾಜಿ ಕೈಲಿ. ಸ್ವಲ್ಪ ವರ್ಷದಲ್ಲೇ ಹುಡುಗ ಸತ್ತ ಅಂತ ಸುದ್ದಿ ಆಯ್ತು, ರಾಣಿ ಸೋಮಶೇಖರ ಅನ್ನೋ ಇನ್ನೊಬ್ಬ ಹುಡುಗನ್ನ ದತ್ತು ತಗೊಂಡಳು. ಆ ಸಾವಿನ ಸುತ್ತ ಎಂಥೆಂಥ ಮಾತು ಹುಟ್ಟಿದ್ವು ಅಂದ್ರೆ ರಾಣಿನೇ ಕೊಲ್ಲಿಸಿದಳು, ಅವಳ ನಡತೆ ಸರಿ ಇರಲಿಲ್ಲ, ಹುಡುಗ ಅದನ್ನ ಕಂಡು ಆಕ್ಷೇಪ ಮಾಡಿದ್ದಕ್ಕೇ ಹೀಗಾಯ್ತು ಅಂತೆಲ್ಲ. ಆಮೇಲೆ ಇಂಗ್ಲಿಷ್‌ನಲ್ಲಿ ಇತಿಹಾಸ ಬರೆದೋರೂ ಅದನ್ನೇ ಬರೆದಿಟ್ರು. 1763ರಲ್ಲಿ ಹೈದರ್ ಅಲಿ ಬಿದನೂರಿಗೆ ಬರೋ ಹೊತ್ತಿಗೆ ಒಬ್ಬ ಯುವಕ ಪ್ರತ್ಯಕ್ಷ ಆದ, ನಾನೇ ಚೆನ್ನಬಸಪ್ಪ, ನನ್ನನ್ನ ಕೊಲ್ಲೋಕೆ ಕಳಿಸಿದೋರು ಉಳಿಸಿಬಿಟ್ರು, ರಾಜ್ಯ ನನ್ನದು ಅಂತ. ಚಿತ್ರದುರ್ಗದ ಪಾಳೆಯಗಾರರ ಕಡೆಯಿಂದ ಬಂದ ಅವನನ್ನ ಮುಂದೆ ಇಟ್ಕೊಂಡೇ ಹೈದರ್ ಮಲೆನಾಡಿಗೆ ನುಗ್ಗಿದ್ದು. ಕೋಟೆ ಕೈಗೆ ಬಂದ ಮೇಲೆ ರಾಣಿ, ಸೋಮಶೇಖರ, ಆ ಹಕ್ಕುದಾರ, ಎಲ್ಲರನ್ನೂ ಒಟ್ಟಿಗೇ ಮಧುಗಿರಿ ಕೋಟೆಲಿ ಸೆರೆ ಇಟ್ಟ.

ಇಲ್ಲಿ ಗಮನಿಸಬೇಕಾಗಿದ್ದು ಏನಂದ್ರೆ ಚೆನ್ನಬಸಪ್ಪ ಅನ್ನೋ ಹುಡುಗನ ಬಗ್ಗೆ ನಮಗೆ ಏನೇನೂ ಗೊತ್ತಿಲ್ಲ. ಅವನಿಗೆ ಏನು ಇಷ್ಟ, ಹೇಗೆ ಮಾತಾಡ್ತಿದ್ದ, ಹೆದರ್ತಿದ್ನಾ, ಒಂದೂ ಉಳಿದಿಲ್ಲ. ಉಳಿದಿದ್ದು ರಾಣಿ ಮೇಲಿನ ಗಾಸಿಪ್ಪು, ಹೈದರನಿಗೆ ಬೇಕಿದ್ದ ನೆಪ, ಅದರ ನಡುವೆ ಅವನ ಹೆಸರು. ಕೋಟೆ ನೋಡೋಕೆ ಹೋದವರಿಗೆ ಇವತ್ತಿಗೂ ಹೇಳೋದು ಯುದ್ಧದ ಕಥೆ, ಸಂಪತ್ತಿನ ಕಥೆ. 1830ರ ನಗರ ದಂಗೆಲಿ ಬೂದಿ ಬಸವಪ್ಪ ಅನ್ನೋನು ನಾನೇ ನಗರದ ಅರಸರ ವಾರಸುದಾರ ಅಂತ ಎದ್ದಾಗ್ಲೂ ರೈತರು ಅವನ ಹಿಂದೆ ನಿಂತಿದ್ರು ಅಂದ್ರೆ, ಕಳೆದುಹೋದ ಅರಸುಕುಮಾರನ ಚಿತ್ರಕ್ಕೆ ಎಷ್ಟು ಬಲ ಇತ್ತು ಯೋಚ್ನೆ ಮಾಡಿ. ಮಗು ಖಾಲಿ ಹಾಳೆ, ದೊಡ್ಡೋರು ತಮಗೆ ಬೇಕಾಗಿದ್ದು ಬರ್ಕೊಳ್ತಾರೆ. ಆಗ ಸಂತೆ, ಮಠ, ಛತ್ರದಲ್ಲಿ ಬಾಯಿಂದ ಬಾಯಿಗೆ, ಈಗ ನೋಟಿಫಿಕೇಶನ್‌ನಲ್ಲಿ.

ಮೈಸೂರಿನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಕನ್ನಡ ಮಾಧ್ಯಮದ ಪರೀಕ್ಷೆ ಆಗೋದು ಅಲ್ಲಿ. 2017ರ ಡಿಸೆಂಬರ್ 6ರಂದು ಯದುವೀರ್ ಮತ್ತೆ ತ್ರಿಷಿಕಾ ಅವರಿಗೆ ಗಂಡು ಮಗು ಆಯ್ತು, ಆದ್ಯವೀರ್. ಮಗು ಕಣ್ಣು ಬಿಡೋ ಮೊದಲೇ ಚಾನೆಲ್‌ಗಳಲ್ಲಿ ‘400 ವರ್ಷದ ಶಾಪ ವಿಮೋಚನೆ’ ಅಂತ ಬ್ರೇಕಿಂಗ್. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ಅರಸರಿಗೆ ಮಕ್ಕಳಾಗದೆ ಹೋಗಲಿ ಅಂತ ಅಲಮೇಲಮ್ಮ ಹಾಕಿದ ಶಾಪದ ಕಥೆ ನಮಗೆಲ್ಲ ಗೊತ್ತು, ಜನಪದದಲ್ಲಿ ಅದಕ್ಕೆ ಅದರದ್ದೇ ಆದ ಜಾಗ ಇದೆ, ಅನ್ಯಾಯಕ್ಕೆ ಒಳಗಾದ ಹೆಂಗಸಿನ ಕೂಗು ಅದು. ಆದ್ರೆ ಸುದ್ದಿ ಅಂತ ಹೇಳೋವಾಗ ಲೆಕ್ಕ ನೋಡಬೇಕಲ್ವಾ? ಮುಮ್ಮಡಿ ಕೃಷ್ಣರಾಜ ಒಡೆಯರ್ ಚಾಮರಾಜೇಂದ್ರರನ್ನ ದತ್ತು ತಗೊಂಡ್ರು, ಚಾಮರಾಜೇಂದ್ರರಿಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಹುಟ್ಟಿದ್ರು, ನಾಲ್ವಡಿಯವರಿಗೆ ಮಕ್ಕಳಿಲ್ಲದೆ ತಮ್ಮನ ಮಗ ಜಯಚಾಮರಾಜರು ಬಂದ್ರು, ಜಯಚಾಮರಾಜರಿಗೆ 1953ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಹುಟ್ಟಿದ್ರು, ಅವರಿಗೆ ಮಕ್ಕಳಿರಲಿಲ್ಲ, 2013ರಲ್ಲಿ ಅವರು ತೀರಿಕೊಂಡ ಮೇಲೆ 2015ರಲ್ಲಿ ಪ್ರಮೋದಾದೇವಿಯವರು ಯದುವೀರ್‌ರನ್ನ ದತ್ತು ತಗೊಂಡ್ರು. ಅಂದ್ರೆ 400 ವರ್ಷ ಅರಮನೆಲಿ ಮಗುನೇ ಹುಟ್ಟಿಲ್ಲ ಅನ್ನೋದು ಸುಳ್ಳು. ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಅನ್ನೋ ರೂಪದಲ್ಲಿ ಶಾಪ ನಂಬೋರ ಲೆಕ್ಕದಲ್ಲೂ ದತ್ತು ಬಂದ ಯದುವೀರ್‌ಗೆ ಮಗು ಆಗೋದು ಮಾಮೂಲಿ ಸರದಿನೇ, ವಿಮೋಚನೆ ಎಲ್ಲಿಂದ ಬಂತು ಮಾರಾಯ್ರೆ? ಇಷ್ಟನ್ನ ಡೆಸ್ಕ್‌ನಲ್ಲಿ ಕೂತೋರು ಒಂದು ಕಾಗದದ ಮೇಲೆ ಬರೆದು ನೋಡಿದ್ರೂ ಆ ಹೆಡ್‌ಲೈನ್ ಬರ್ತಿರಲಿಲ್ಲ.

ಇದರ ಭಾರ ಹೊರೋದು ಯಾರು ಅಂದ್ರೆ ಆ ಮಗುನೇ. ಒಬ್ಬ ಹುಡುಗ ಸ್ಕೂಲಿಗೆ ಸೇರಿ ಓದೋಕೆ ಕಲ್ತು, ತನ್ನ ಹೆಸರು ಟೈಪ್ ಮಾಡಿ ನೋಡಿದ ದಿನ ಅವನಿಗೆ ಮೊದಲು ಸಿಗೋದು ಶಾಪದ ಕಥೆ. ಮುಂದೆ ಅವನ ಮದುವೆ, ಅವನಿಗೆ ಮಕ್ಕಳಾಗೋದು ಬಿಡೋದು, ಎಲ್ಲದಕ್ಕೂ ಮೈಕ್ ಹಿಡಿದು ಇದೇ ಪ್ರಶ್ನೆ ಕೇಳ್ತಾರೆ. 2024ರ ಅಕ್ಟೋಬರ್‌ನಲ್ಲಿ ಆಯುಧಪೂಜೆ ದಿನ ಎರಡನೇ ಮಗ ಹುಟ್ಟಿದಾಗ ಶುಭದಿನ, ದೇವಿ ಅನುಗ್ರಹ ಅಂತ ಮತ್ತೆ ಅದೇ ಧಾಟಿ. ಅದೇ ವರ್ಷ ಯದುವೀರ್ ಮೈಸೂರು-ಕೊಡಗು ಸಂಸದರಾಗಿದ್ರು, ಹಾಗಾಗಿ ಈ ಮಕ್ಕಳ ಚಿತ್ರ ಈಗ ಅರಮನೆ ಪರಂಪರೆಗೆ ಮಾತ್ರ ಅಲ್ಲ, ಪಾರ್ಟಿ ರಾಜಕೀಯಕ್ಕೂ ತಾಗಿಕೊಳ್ಳತ್ತೆ, ಇಷ್ಟಪಡೋರು ಹೂವು ಹಾಕ್ತಾರೆ, ವಿರೋಧ ಇರೋರು ಅಪ್ಪನ ಮೇಲಿನ ಸಿಟ್ಟನ್ನ ಮಕ್ಕಳ ಫೋಟೋ ಕೆಳಗೆ ಕಾರ್ಕೊಳ್ತಾರೆ.

ಬೇರೆ ಕಡೆ ಇದನ್ನ ಹೇಗೆ ನಿಭಾಯಿಸಿದ್ದಾರೆ ಅಂತ ನೋಡಿದ್ರೆ ದಾರಿ ಇಲ್ಲದೆ ಏನಿಲ್ಲ. 1997ರ ಆಗಸ್ಟ್ 31ಕ್ಕೆ ಡಯಾನಾ ಪ್ಯಾರಿಸ್‌ನಲ್ಲಿ ತೀರಿಕೊಂಡಾಗ ವಿಲಿಯಂಗೆ 15, ಹ್ಯಾರಿಗೆ 12. ಆ ಇಬ್ಬರು ಹುಡುಗರು ಅಮ್ಮನ ಶವಪೆಟ್ಟಿಗೆ ಹಿಂದೆ ನಡೆದಿದ್ದನ್ನ ಜಗತ್ತೆಲ್ಲ ಲೈವ್ ನೋಡಿತು. ಅದಾದ ಮೇಲೆ ಬ್ರಿಟಿಷ್ ಪತ್ರಿಕೆಗಳ ಸಂಪಾದಕರ ನೀತಿಸಂಹಿತೆ ಬಿಗಿ ಆಯ್ತು. ಮಕ್ಕಳು ಅನಗತ್ಯ ಕಿರುಕುಳ ಇಲ್ಲದೆ ಶಾಲೆ ಮುಗಿಸೋ ಹಾಗಿರಬೇಕು, ಅಪ್ಪ ಅಮ್ಮನ ಹೆಸರು ಸ್ಥಾನಮಾನ ಒಂದನ್ನೇ ಕಾರಣ ಮಾಡ್ಕೊಂಡು ಮಗುವಿನ ಖಾಸಗಿ ವಿವರ ಹಾಕಬಾರದು ಅಂತ ಆ ಸಂಹಿತೆ ಹೇಳತ್ತೆ. ಮೇಲ್ನೋಟಕ್ಕೆ ಕ್ಯಾಮೆರಾ ಹಿಂದೆ ಸರಿದ್ರೂ ಒಳಗಿಂದ ಬೇರೆ ದಾರಿ ಇತ್ತು ಅನ್ನೋದು ಎಷ್ಟೋ ವರ್ಷದ ಮೇಲೆ ಗೊತ್ತಾಯ್ತು. 2023ರ ಡಿಸೆಂಬರ್‌ನಲ್ಲಿ ಲಂಡನ್ ಹೈಕೋರ್ಟ್ ಹ್ಯಾರಿ ಹಾಕಿದ ಕೇಸಿನಲ್ಲಿ ವಿಚಾರಣೆಗೆ ತಗೊಂಡ 33 ವರದಿಗಳಲ್ಲಿ 15 ವರದಿ ಫೋನ್ ಹ್ಯಾಕಿಂಗ್ ಥರದ ಅಕ್ರಮ ದಾರಿಯಿಂದ ಬಂದಿದ್ದು ಅಂತ ತೀರ್ಪು ಕೊಟ್ಟು ಮಿರರ್ ಪತ್ರಿಕಾ ಗುಂಪಿಗೆ 1,40,600 ಪೌಂಡ್ ಪರಿಹಾರ ಕೊಡೋಕೆ ಹೇಳ್ತು. ನೆದರ್ಲೆಂಡ್ಸ್‌ನಲ್ಲಿ ಇನ್ನೊಂದು ಏರ್ಪಾಡು, ವರ್ಷದಲ್ಲಿ ನಿಗದಿ ಮಾಡಿದ ಸಮಯಕ್ಕೆ ಫೋಟೋ ತೆಗೆಯೋಕೆ ಅವಕಾಶ, ಉಳಿದ ಹೊತ್ತು ಮಕ್ಕಳನ್ನ ಅವರ ಪಾಡಿಗೆ ಬಿಡಬೇಕು ಅಂತ ಸರ್ಕಾರದ ಮಾಹಿತಿ ವಿಭಾಗ ಮೀಡಿಯಾ ಕೋಡ್ ಮಾಡಿದೆ. ನನಗೆ ಇದು ಹೆಚ್ಚು ಪ್ರಾಮಾಣಿಕ ಅನ್ನಿಸತ್ತೆ, ಮಗು ಡ್ಯೂಟಿ ಮೇಲೆ ಇರೋ ಹೊತ್ತು ಯಾವುದು, ಬರೀ ಮಗುವಾಗಿರೋ ಹೊತ್ತು ಯಾವುದು ಅಂತ ಗೆರೆ ಸ್ಪಷ್ಟ.

ಜಪಾನಿನ ರಾಜಕುಮಾರಿ ಐಕೋ ಕಥೆ ಇನ್ನೂ ಯೋಚ್ನೆಗೆ ಹಚ್ಚತ್ತೆ. 2010ರಲ್ಲಿ ಅವಳಿಗೆ ಎಂಟು ವರ್ಷ, ಶಾಲೆಲಿ ಹುಡುಗರ ಒರಟುತನಕ್ಕೆ ಹೆದರಿ ಶಾಲೆಗೆ ಹೋಗೋದು ಬಿಟ್ಟಳು ಅಂತ ಅರಮನೆ ಅಧಿಕಾರಿನೇ ಪ್ರೆಸ್‌ಮೀಟ್ ಮಾಡಿ ಹೇಳಿದ್ರು. ಅಲ್ಲಿಂದ ಅವಳು ‘ಅಂಜುಬುರುಕಿ’, ತಾಯಿ ಮಸಾಕೊ ಜೊತೇಲಿ ಶಾಲೆಗೆ ಹೋದ್ರೆ ‘ಅತಿ ಮುದ್ದು’ ಅನ್ನೋ ಟೀಕೆ. ಅದೇ ಐಕೋಗೆ 20 ತುಂಬಿದಾಗ, ಕೋವಿಡ್ ಹೊತ್ತಿನಲ್ಲಿ ಹೊಸ ಕಿರೀಟ ಬೇಡ ಅಂತ ಸೋದರತ್ತೆ ಕಿರೀಟವನ್ನೇ ಇಟ್ಕೊಂಡಿದ್ದಕ್ಕೆ ಎಲ್ಲ ಕಡೆ ಹೊಗಳಿಕೆ, 2022ರ ಮೊದಲ ಪತ್ರಿಕಾಗೋಷ್ಠಿಲಿ ಚೆನ್ನಾಗಿ ಮಾತಾಡಿದ ಮೇಲಂತೂ ಜನರ ಕಣ್ಮಣಿ. ಈಗ ರೆಡ್ ಕ್ರಾಸ್‌ನಲ್ಲಿ ಕೆಲಸ ಮಾಡ್ತಾರೆ. ಎಂಟರ ಹೆದರಿದ ಹುಡುಗಿ, ಇಪ್ಪತ್ತರ ಮೆಚ್ಚಿನ ರಾಜಕುಮಾರಿ, ಎರಡೂ ಒಬ್ಬಳೇ. ನಡುವೆ ಅವಳು ಮಾಡಿದ್ದು ಬೆಳೆದಿದ್ದು ಅಷ್ಟೇ.

ನಮ್ಮಲ್ಲಿ ಕಾನೂನು ಏನು ಹೇಳತ್ತೆ ಅಂದ್ರೆ ಅಪರಾಧಕ್ಕೆ ಬಲಿಯಾದ ಮಗು, ಕಾನೂನಿನ ಜೊತೆ ಸಂಘರ್ಷಕ್ಕೆ ಬಿದ್ದ ಮಗು, ಇವರ ಗುರುತು ಹೇಳಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್, ಪೋಕ್ಸೋ ಕಾಯ್ದೆಯ 23ನೇ ಸೆಕ್ಷನ್ ಗಟ್ಟಿಯಾಗಿ ಹೇಳುತ್ವೆ. ಆದ್ರೆ ಹೆಸರಾಂತ ಮನೆಯ ಮಗು, ಯಾವ ಕೇಸೂ ಇಲ್ಲ, ಸುಮ್ಮನೆ ಅಪ್ಪನ ಕೈ ಹಿಡ್ಕೊಂಡು ನಡೀತಿದೆ ಅಂದಾಗ ಅದಕ್ಕೆ ಇಷ್ಟು ಸ್ಪಷ್ಟ ರಕ್ಷಣೆ ಇಲ್ಲ. ಆಸರೆ ಅಂದ್ರೆ 2017ರ ಆಗಸ್ಟ್ 24ರ ಸುಪ್ರೀಂ ಕೋರ್ಟ್ ತೀರ್ಪು, ಖಾಸಗಿತನ ಮೂಲಭೂತ ಹಕ್ಕು ಅಂತ. ಆ ಕೇಸು ಹಾಕಿದೋರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಅದರಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಬೇರೆಯಾಗಿ ಬರೆದ ಭಾಗದಲ್ಲಿ ಮಕ್ಕಳ ಬಗ್ಗೆನೇ ಹೇಳಿದ್ದಾರೆ, ಎಳೆತನದಲ್ಲಿ ಆನ್‌ಲೈನ್‌ನಲ್ಲಿ ಬಿಟ್ಟ ಹೆಜ್ಜೆಗುರುತು, ಮಕ್ಕಳಾಟಿಕೆಯ ತಪ್ಪುಗಳ ಫಲವನ್ನ ಜೀವನಪೂರ್ತಿ ಅನುಭವಿಸೋ ಹಾಗಾಗಬಾರದು ಅಂತ. ಲೂಯಿ ಮೂಗಿಗೆ ಬೆರಳಿಟ್ಟ ವಿಡಿಯೋ ನೋಡೋವಾಗೆಲ್ಲ ನನಗೆ ನೆನಪಾಗೋದು ಆ ಮಾತು.

ಇಲ್ಲಿ ಶಿವಮೊಗ್ಗದಲ್ಲಿ ರಾಜಮನೆತನ ಇಲ್ಲ, ಶಿವಪ್ಪನಾಯಕನ ಅರಮನೆ ಮ್ಯೂಸಿಯಂ ಆಗಿದೆ. ಆದ್ರೆ ರಾಜಕಾರಣಿಗಳ ಮೊಮ್ಮಕ್ಕಳ ನಾಮಕರಣ ಫ್ಲೆಕ್ಸ್‌ಗೆ ಬರತ್ತೆ, ಸಿನಿಮಾದೋರ ಮಕ್ಕಳ ಮುಖ ಮೊದಲು ತೋರಿಸಿದ ದಿನ ಯಾವುದು ಅಂತ ಸುದ್ದಿ ಆಗತ್ತೆ, ರಾಜರಿಗೆ ಇದ್ದ ಜಾಗಕ್ಕೆ ಇವರು ಬಂದಿದ್ದಾರೆ ಅಷ್ಟೇ. ಮೈಸೂರಿನ ಖಾಸಗಿ ದರ್ಬಾರಿನ ಫೋಟೋಗಳು ಪ್ರತಿ ದಸರಾಕ್ಕೂ ನಮ್ಮ ಜಿಲ್ಲೆ ಪೇಪರ್‌ಗಳ ಮುಖಪುಟಕ್ಕೂ ಬರುತ್ವೆ, ಬರಲಿ, ಸಿಂಹಾಸನದ ಮುಂದೆ ಪೂಜೆಗೆ ಕೂತ ಮಗುವಿನ ಫೋಟೋ ಹಾಕೋದ್ರಲ್ಲಿ ತಪ್ಪಿಲ್ಲ, ಅದು ಸಾರ್ವಜನಿಕ ಹೊತ್ತು. ಅದೇ ಮಗು ಆಕಳಿಸಿದ್ದು, ಅತ್ತಿದ್ದು, ತಮ್ಮನ ಜೊತೆ ಜಗಳ ಆಡಿದ್ದನ್ನ ಸ್ಲೋ ಮೋಷನ್‌ನಲ್ಲಿ ತೋರಿಸಿ ಸ್ವಭಾವ ಹೇಳೋದು ಬೇಡ, ಶಾಪದ ಮಾತು ಆ ಮಕ್ಕಳ ಹೆಸರಿನ ಜೊತೆ ಸೇರಿಸೋದು ಬೇಡ, ಶಾಲೆ ಯಾವುದು ಎಷ್ಟೊತ್ತಿಗೆ ಬಿಡತ್ತೆ ಅನ್ನೋದು ಬೇಡ. ಆದ್ಯವೀರ್‌ಗೆ 18 ತುಂಬೋದು 2035ರ ಡಿಸೆಂಬರ್‌ಗೆ, ಅಲ್ಲಿವರೆಗೂ ಇದಕ್ಕೆ ಯಾವ ಹೊಸ ಕಾನೂನೂ ಬೇಕಿಲ್ಲ, ಬೆಂಗಳೂರಲ್ಲಿ, ಮೈಸೂರಲ್ಲಿ ನ್ಯೂಸ್ ಡೆಸ್ಕ್ ನೋಡ್ಕೊಳ್ಳೋರು ಮುಂದಿನ ನವರಾತ್ರಿಯ ಮೊದಲ ದಿನವೇ ಒಂದು ಮೀಟಿಂಗ್‌ನಲ್ಲಿ ಕೂತು ಒಪ್ಕೊಂಡ್ರೆ ಆಗೋ ಕೆಲಸ.